ಮೊಳಕ್ಕೆ ಒಂದು ಬೆರಳು

ಕಟ್ಟಿಸುವ ಹಲ್ಲಿನ ಸೆಟ್ಟಿಗೆ ಬೇಕಾದ ಗುಲಾಬಿ ಪುಡಿಗೆ ದ್ರವ ಹನಿಸಿ ಕಲಸುವಾಗ ಒಂದು ವಾಸನೆ ಏಳುತ್ತದೆ. ಕಲಬುರಗಿಯ ನನ್ನ ದವಾಖಾನೆಗೆ ಬಂದವರು ಆ ವಾಸನೆಗೆ ಮುಖ ಕಿವುಚುತ್ತಾರೆ, ಹೆಂಗಸರು ಸೆರಗನ್ನು ಮೂಗಿಗೆ ಹಿಡಿಯುತ್ತಾರೆ, ನನ್ನ ಜೊತೆ ಕೆಲಸ ಮಾಡುವ ಹುಡುಗಿ ಕಿಟಕಿ ತೆರೆಯಲು ಓಡುತ್ತಾಳೆ. ನಾನು ಮಾತ್ರ ಕೈಯಲ್ಲಿನ ಬಟ್ಟಲು ಹಿಡಿದುಕೊಂಡು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಅದು ಉಗುರಿಗೆ ಹಚ್ಚುವ ಬಣ್ಣದ ವಾಸನೆಗೆ ತೀರ ಹತ್ತಿರದ್ದು. ಆ ವಾಸನೆ ಬಂದರೆ ಅಫಜಲಪುರದ ನಮ್ಮ ಮನೆಯ ಪಡಸಾಲೆ ಬರುತ್ತದೆ, ತಣ್ಣನೆಯ ಶಹಾಬಾದಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಶರಣು ಕಾಕಾ ಬರುತ್ತಾನೆ, ಅವನ ಎರಡು ಬೆರಳುಗಳ ನಡುವೆ ಒಂದು ಕಾರು ಮೆಲ್ಲಗೆ ಕೆಂಪಾಗುತ್ತಾ ಹೋಗುತ್ತದೆ. ಅದರ ಬೆನ್ನಿಗೇ ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆ ನೆನಪು ಸಿಟ್ಟನ್ನು ಬಿಟ್ಟು ಒಂಟಿಯಾಗಿ ಬಂದದ್ದೇ ಇಲ್ಲ. ನಿಮ್ಮ ಬಾಲ್ಯದ ಮನೆಯೂ ಈಗ ಇಲ್ಲವಾಗಿದ್ದರೆ, ಅದನ್ನು ಹಾಳು ಮಾಡಿದವರ ಮುಖ ನಿಮಗೂ ಚೆನ್ನಾಗಿ ನೆನಪಿದ್ದರೆ, ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ.

ನಮ್ಮದು ದಪ್ಪ ಗೋಡೆಯ ಮಾಳಿಗೆ ಮನೆ. ಅಂಗಳದಲ್ಲಿ ಬೇವಿನ ಗಿಡ, ಗಿಡದ ಕೆಳಗೆ ಅಜ್ಜನ ಅಮೆರಿಕದ ಮೋಟಾರು. ಹೈದರಾಬಾದಿನ ಯಾವುದೋ ಜಹಗೀರುದಾರರ ಮನೆಯಿಂದ ಅಜ್ಜ ಅದನ್ನು ತಂದಿದ್ದನಂತೆ. ಕಂಪನಿ ಹಾಕಿದ ಹೆಸರು ನಮ್ಮಲ್ಲಿ ಯಾರ ಬಾಯಿಗೂ ಹೊಂದುತ್ತಿರಲಿಲ್ಲ. ಮುಂಭಾಗದಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ದಪ್ಪ ಪಟ್ಟಿಗಳಿದ್ದುದರಿಂದ ಅದು ಊರಿಗೆಲ್ಲ ‘ಹಲ್ಲಿನ ಗಾಡಿ’. ಅಜ್ಜ ಇರುವವರೆಗೆ ಅದನ್ನು ಓಡಿಸುತ್ತಿದ್ದವನು ಅಪ್ಪನ ತಮ್ಮ, ಕಾಕಾ. ಅಜ್ಜ ಹೋದ ಮೇಲೆ ಮನೆಯ ಯಜಮಾನಿಕೆ ದೊಡ್ಡಪ್ಪನ ಕೈಗೆ ಬಂತು. ನನ್ನ ಅಪ್ಪ ನಾನು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದರಿಂದ ಅವ್ವ ಮತ್ತು ನಾನು ದೊಡ್ಡಪ್ಪ ಹಾಕಿದ್ದನ್ನು ಉಂಡು ಅವನು ಹೇಳಿದ್ದನ್ನು ಕೇಳಿಕೊಂಡಿದ್ದೆವು. ಎದುರಿಗೆ ನಿಂತಾಗ ಅವನಿಗೆ ‘ರಿ’ ಹಚ್ಚಿ ಮಾತಾಡಿದ್ದೇನೆ, ಅದು ಅವ್ವ ಕಲಿಸಿದ ನಡತೆ. ಇಲ್ಲಿ ಬರೆಯುವಾಗ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಒಂದು ಬೇಸಿಗೆ ನಾನು ಸಾಲೆಯಿಂದ ಬರುವಷ್ಟರಲ್ಲಿ ಬೇವಿನ ಗಿಡದ ಕೆಳಗೆ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ದೊಡ್ಡಪ್ಪ ಕಾರನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದ. ಕಾಕಾ ಆ ಕಲೆಯ ಪಕ್ಕ ಕೂತಿದ್ದ. ಅಂದು ಸಂಜೆಯೇ ಅವನು ಜೋಳದ ದಂಟು ಸೀಳಿ, ಒಳಗಿನ ಬೆಂಡು ತೆಗೆದು, ಅಂಗೈಯಲ್ಲಿ ಹಿಡಿಯುವಷ್ಟು ಒಂದು ಹಲ್ಲಿನ ಗಾಡಿ ಮಾಡಿದ.

ನಮ್ಮ ಕಡೆ ಮಕ್ಕಳು ಬೆಂಡಿನಿಂದ ಚಕ್ಕಡಿ ಮಾಡಿ ಆಡುವುದು ಹೊಸತಲ್ಲ. ದೊಡ್ಡವನೊಬ್ಬ ಮೋಟಾರು ಮಾಡಲು ಕೂತದ್ದು ಹೊಸತು. ಬೆಂಡು ಬಾಳಿಕೆ ಬರುವುದಿಲ್ಲವೆಂದು ಕಾಕಾ ಹಾಲವಾಣದ ಮರದ ತುಂಡು ಕೆತ್ತಲು ಕಲಿತ, ಆಮೇಲೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬಗ್ಗಿಸಲು ಕಲಿತ. ಸರ್ಕಾರಿ ದವಾಖಾನೆಯ ಕಂಪೌಂಡರನನ್ನು ಮಾತಾಡಿಸಿ ಹಳೆಯ ಎಕ್ಸ್‌ರೇ ಹಾಳೆ ತಂದು, ಬಿಸಿನೀರಿನಲ್ಲಿ ಯಾರದೋ ಎಲುಬುಗಳನ್ನು ತೊಳೆದು ಹಾಕಿ, ಅದನ್ನೇ ಕಾರಿನ ಗಾಜು ಮಾಡುತ್ತಿದ್ದ. ಸವೆದ ಹವಾಯಿ ಚಪ್ಪಲಿಯ ರಬ್ಬರು ಗಾಲಿಯಾಗುತ್ತಿತ್ತು. ಚಪ್ಪಲಿಯ ಮೇಲುಭಾಗ ಹೇಗೂ ಬಿಳಿ, ಅದರ ಹೊರ ಅಂಚಿಗೆ ಮಾತ್ರ ಕಾಡಿಗೆ ಹಚ್ಚಿದರೆ ಆ ಕಾಲದ ಅಮೆರಿಕದ ಕಾರುಗಳಿಗೆ ಇರುತ್ತಿದ್ದ ಬಿಳಿ ಉಂಗುರದ ಗಾಲಿ ತಯಾರು. ಸಿಗರೇಟು ಪಾಕೀಟಿನ ಬೇಗಡೆ ತಿಕ್ಕಿ ತಿಕ್ಕಿ ಬಂಪರಿಗೆ ಅಂಟಿಸುತ್ತಿದ್ದ. ಬಣ್ಣಕ್ಕೆ ಉಗುರಿನ ಬಣ್ಣವೇ ಆಗಬೇಕು, ಬೇರೆ ಯಾವ ಬಣ್ಣಕ್ಕೂ ಆ ಹೊಳಪಿಲ್ಲ ಎನ್ನುತ್ತಿದ್ದ. ಬಜಾರಿನ ಬಳೆಗಾರ ಅಜ್ಜಿ ಅವನು ಹೋದಾಗಲೆಲ್ಲ ಕೆಣಕುತ್ತಿದ್ದಳು. ‘ಮದುವಿ ಇಲ್ಲ, ಮಕ್ಳಿಲ್ಲ, ಯಾರ ಉಗುರಿಗಿ ಇಷ್ಟ್ ಬಣ್ಣ ಒಯ್ತಿಯೋ ಶರಣಪ್ಪಾ?’ ಕಾಕಾ ತನ್ನ ದೊಡ್ಡ ಹೊಟ್ಟೆ ಕುಣಿಸಿ ನಗುತ್ತ, ‘ನಮ್ಮ ಮನ್ಯಾಗ ಹತ್ತಾರು ಹೆಣ್ಮಕ್ಳ ಅದಾರ ಬೇ, ಎಲ್ಲಾರಿಗೂ ನಾಕ್ ನಾಕ್ ಗಾಲಿ’ ಅನ್ನುತ್ತಿದ್ದ.

ಅಳತೆಗೆ ಅವನ ಹತ್ತಿರ ಸ್ಕೇಲು, ಟೇಪು ಇರಲಿಲ್ಲ. ಮೊಳಕ್ಕೆ ಒಂದು ಬೆರಳು, ಅದೇ ಅವನ ಕಾಯಿದೆ. ನಿಜವಾದ ಕಾರು ಎಷ್ಟು ಮೊಳ ಉದ್ದವೋ, ಮಾಡುವ ಕಾರು ಅಷ್ಟು ಬೆರಳಿನ ಅಗಲ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಇಟ್ಟು ಅಳೆಯುವುದು, ಪ್ರತಿ ಮೊಳಕ್ಕೆ ದಾರದಲ್ಲಿ ಒಂದು ಗಂಟು ಹಾಕುವುದು, ಮನೆಗೆ ಬಂದು ಗಂಟಿಗೊಂದು ಬೆರಳಿನಂತೆ ತಗಡಿನ ಮೇಲೆ ಗೆರೆ ಎಳೆಯುವುದು. ಎಲ್ಲೆಲ್ಲಿ ಹಳೆಯ ಅಮೆರಿಕದ ಕಾರು ಇದೆ ಎಂದು ಸುದ್ದಿ ಬರುತ್ತದೋ ಅಲ್ಲಿಗೆ ನಾವಿಬ್ಬರೂ ಸರ್ಕಾರಿ ಬಸ್ಸು ಹತ್ತುತ್ತಿದ್ದೆವು, ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು ನನ್ನ ತೊಡೆಯ ಮೇಲೆ. ಜೇವರ್ಗಿಯಲ್ಲಿ ಒಂದು ಕಾರಿನೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಅದರ ಎರಡೂ ಮಗ್ಗುಲು ಉಬ್ಬಿದ ಕೆನ್ನೆಯ ಹಾಗೆ ಇದ್ದುದರಿಂದ ನಾವು ಅದಕ್ಕೆ ‘ಗಲ್ಲದ ಗಾಡಿ’ ಎಂದು ಹೆಸರಿಟ್ಟೆವು. ಕೊಳಕೂರದಲ್ಲಂತೂ ಎಂಜಿನ್ ಕಿತ್ತು, ಮುಂದೆ ನೊಗ ಕಟ್ಟಿ, ಎತ್ತು ಹೂಡಿ ಹೊಲಕ್ಕೆ ಗೊಬ್ಬರ ಹೊರುತ್ತಿದ್ದರು. ಕಾಕಾ ಅದನ್ನು ನೊಗದ ಸಮೇತ ಮಾಡಿದ, ಬೆಂಡಿನ ಎರಡು ಎತ್ತುಗಳನ್ನೂ ಮಾಡಿ ಹೂಡಿದ.

ಆಳಂದದ ಕಾರಿನ ಕತೆ ಬೇರೆ. ಅಲ್ಲಿಯ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಹಿಂಭಾಗಕ್ಕೆ ಎರಡು ರೆಕ್ಕೆಗಳಿದ್ದ ನೀಲಿ ಕಾರೊಂದಿತ್ತು, ಸುತ್ತ ಸೂರಿನವರೆಗೆ ತೊಗರಿ ಚೀಲಗಳನ್ನು ಒಟ್ಟಿದ್ದರು. ಚೀಲಕ್ಕೂ ಕಾರಿಗೂ ನಡುವೆ ಇದ್ದ ಸಂದಿಯಲ್ಲಿ ಕಾಕಾನ ಹೊಟ್ಟೆ ಹೋಗುವ ಮಾತೇ ಇರಲಿಲ್ಲ. ‘ನೀನ ಹೋಗ್ ಬೇ ಅವ್ವಿ, ಅಳದು ಕೂಗು’ ಅಂದ. ನಾನು ತೊಗರಿಯ ದೂಳಿನಲ್ಲಿ ಸೀನುತ್ತ ತೆವಳಿ ಹೋಗಿ, ನನ್ನ ಕೈಯಿಂದ ಮೊಳ ಹಾಕುತ್ತ ಕೂಗಿದೆ, ಅವನು ಹೊರಗೆ ನಿಂತು ಗಂಟು ಹಾಕಿದ. ನನ್ನ ಮೊಳ ಚಿಕ್ಕದು, ಅದರಿಂದ ಗಂಟುಗಳು ಹೆಚ್ಚಾಗುತ್ತಿವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಾರು ಪೂರ್ತಿ ತಯಾರಾಗಿ, ಬಣ್ಣ ಒಣಗಿ, ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿದಾಗ ಕರುಗಳ ನಡುವೆ ಹೋರಿ ನಿಂತಂತೆ ಕಂಡಿತು. ನಾನು ಅಳಲು ಶುರುಮಾಡಿದೆ. ಕಾಕಾ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. ಬೇರೆ ಮಾಡು ಎಂದರೆ ಒಪ್ಪಲೇ ಇಲ್ಲ. ‘ಇದು ನಿನ್ನ ಮೊಳದ್ದು. ನಿನ್ನ ಕೈ, ನನ್ನ ಬೆರಳು. ಬರೋಬ್ಬರಿನೇ ಅದ, ಇರ್ಲಿ’ ಅಂದ. ಆ ರೆಕ್ಕಿ ಗಾಡಿಯನ್ನು ಅಂದಿನಿಂದ ಮನೆಯಲ್ಲಿ ಎಲ್ಲರೂ ನನ್ನ ಗಾಡಿ ಅನ್ನುತ್ತಿದ್ದರು, ದೊಡ್ಡಪ್ಪನೂ ಸೇರಿ. ಈ ಮಾತು ನೆನಪಿಟ್ಟುಕೊಳ್ಳಿ.

ದಸರೆಗೆ ನಮ್ಮಲ್ಲಿ ಖಂಡೆ ಪೂಜೆಯ ದಿನ ಕುಡುಗೋಲು, ಕೊಡಲಿ, ತಕ್ಕಡಿ, ಗಾಡಿ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ. ಕಾಕಾ ತನ್ನ ಕಾರುಗಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಕುಂಕುಮ ಹಚ್ಚಿ, ಒಂದೊಂದು ಎಸಳು ಚೆಂಡುಹೂ ಇಡುತ್ತಿದ್ದ. ಅವು ಮರುದಿನ ಸಂಜೆ ಬಂಗಾರವೆಂದು ಬನ್ನಿ ಎಲೆ ಕೊಡುವ ಹೊತ್ತಿನವರೆಗೂ ಹಾಗೆಯೇ ಇರುತ್ತಿದ್ದವು. ಬನ್ನಿ ಕೊಡಲು ಬಂದವರು ಮೊದಲು ಕಾರುಗಳ ಮುಂದೆ ಬಗ್ಗಿ ನೋಡಿ ಆಮೇಲೆ ದೊಡ್ಡಪ್ಪನ ಕಾಲು ಮುಟ್ಟುತ್ತಿದ್ದರು. ಅದು ಅವನಿಗೆ ಸೇರುತ್ತಿರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ನನಗೆ ಹತ್ತು ವರ್ಷವಿದ್ದಾಗಿನ ದಸರೆಗೆ ತಾಲೂಕಿಗೆ ಹೊಸದಾಗಿ ಬಂದಿದ್ದ ಒಬ್ಬ ದೊಡ್ಡ ಸಾಹೇಬ ತನ್ನ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ದೊಡ್ಡಪ್ಪನಿಗೆ ಅವನಿಂದ ಅಂಗಡಿಯ ಪರವಾನಗಿ ಆಗಬೇಕಾಗಿತ್ತು. ಅವರ ಜೀಪಿನ ಡ್ರೈವರ್ ಗೊಬ್ಬೂರಿನವನು. ಅವನು ಯಾವ ಜನದವನೆಂದು ಗೊತ್ತಿದ್ದುದರಿಂದ ದೊಡ್ಡಪ್ಪ ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಬೊಗಸೆಗೆ ಮೇಲಿನಿಂದ ನೀರು ಹೊಯ್ಯಿಸಿದ. ಅಷ್ಟರಲ್ಲಿ ಸಾಹೇಬನ ಮಗ ಕಾರುಗಳ ಮುಂದೆ ಕೂತು ಏಳಲೊಲ್ಲೆ ಎಂದು ಹಟ ಹಿಡಿದಿದ್ದ.

‘ಅದಕ್ಯಾಕ್ರಿ ಅಳೋದು, ಒಂದ್ಯಾಕ, ಎಲ್ಲಾ ಒಯ್ಯಲಿ’ ಅಂದ ದೊಡ್ಡಪ್ಪ. ‘ಬನ್ನಿ ಹಬ್ಬಕ್ಕ ಬಂಗಾರ ಕೊಟ್ಟಂಗ ಆಯ್ತು.’ ಅವ್ವನಿಗೆ ಬುಟ್ಟಿ ತರಲು ಹೇಳಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಅಲುಗಲಿಲ್ಲ. ಅವನು ತಾನೇ ಹೋಗಿ ರೊಟ್ಟಿಯ ಬುಟ್ಟಿ ತಂದು ಕಾಕಾನ ಮುಂದೆ ಇಟ್ಟ. ಕೊಟ್ಟದ್ದಕ್ಕಾದರೂ ಒಂದು ವೇಳೆ ಕ್ಷಮೆ ಇದ್ದೀತು, ಆಮೇಲೆ ಆಡಿದ ಮಾತಿಗೆ ಇಲ್ಲ. ‘ಲೇ ಶರಣ್ಯಾ, ನೀನ ತುಂಬು. ನಿನ್ನ ಕೈಲೆ ತುಂಬಿದ್ರ ಮುರಿಯಂಗಿಲ್ಲ.’ ಕಾಕಾ ಒಮ್ಮೆ ಅಣ್ಣನ ಮುಖ ನೋಡಿದ. ಹಿತ್ತಲಿಗೆ ಹೋಗಿ ಜೋಳದ ಒಣ ಎಲೆಯ ರವದಿ ತಂದ. ಬುಟ್ಟಿಯ ತಳಕ್ಕೆ ಹಾಸಿದ. ಒಂದೊಂದು ಕಾರಿನ ಹೂ ತೆಗೆದು, ಕುಂಕುಮ ಒರೆಸಿ, ರವದಿಯಲ್ಲಿ ಸುತ್ತಿ, ಗಲ್ಲಕ್ಕೆ ಗಲ್ಲ ತಾಗದಂತೆ ಇಟ್ಟ. ನೊಗ ಮುರಿಯಬಾರದೆಂದು ಎತ್ತುಗಳನ್ನು ಬಿಚ್ಚಿ ಬೇರೆ ಇಟ್ಟ. ರೆಕ್ಕಿ ಗಾಡಿ ಹಿಡಿಯಲಿಲ್ಲ, ಅದನ್ನು ಮೇಲೆ ಅಡ್ಡ ಇಟ್ಟ. ‘ಅದು ನಂದು’ ಎಂದು ನಾನು ಕಿರುಚಿದೆ. ದೊಡ್ಡಪ್ಪ ನನ್ನ ಕಡೆ ತಿರುಗಿಯೂ ನೋಡದೆ ಬುಟ್ಟಿಯನ್ನು ಹೊಸ್ತಿಲ ಆಚೆ ಡ್ರೈವರನ ಕಡೆಗೆ ಕಾಲಿನಿಂದ ಸರಿಸಿದ.

ಅಷ್ಟಕ್ಕೇ ಮುಗಿಯಲಿಲ್ಲ. ಬನ್ನಿ ಎಲೆ ಕೊಟ್ಟು ತಗೊಂಡ ಮೇಲೆ ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳಬಾರದು, ಹಿಂದಿನದನ್ನು ಎತ್ತಬಾರದು, ಇದು ನಮ್ಮ ಕಡೆ ದೊಡ್ಡವರು ಸಣ್ಣವರು ಎಲ್ಲರೂ ನಡೆಸಿಕೊಂಡು ಬಂದ ರೂಢಿ. ದೊಡ್ಡಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಜೀಪು ಹೋದ ಕೂಡಲೇ ಬನ್ನಿಯ ತಟ್ಟೆ ಹಿಡಿದು ಬಂದು ಕಾಕಾನ ಮುಂದೆ ನಿಂತ. ಕಾಕಾ ಎಲೆ ತಗೊಂಡ, ಕೊಟ್ಟ, ಅಣ್ಣನ ಕಾಲು ಮುಟ್ಟಿದ, ‘ಬಂಗಾರದಂಗ ಇರೋಣು’ ಅಂದ. ಅವನ ದನಿ ನೆಟ್ಟಗಿತ್ತು, ಅದೇ ನನ್ನಿಂದ ತಾಳಲು ಆಗಲಿಲ್ಲ. ಅವ್ವನೂ ತಗೊಂಡಳು. ನನ್ನ ಸರದಿ ಬಂದಾಗ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವ್ವ ಬೆನ್ನಿಗೆ ತಿವಿದಳು. ‘ಹಿಡಿ ಬೇ’ ಎಂದು ದೊಡ್ಡಪ್ಪ ಗದರಿದ. ನಾನು ಹಿಡಿಯಲಿಲ್ಲ. ಆ ಸಂಜೆ ನನಗೆ ಊಟ ಹಾಕಬಾರದೆಂದು ಹುಕುಂ ಆಯಿತು, ಅವ್ವ ಕದ್ದು ಹೋಳಿಗೆ ಕೊಟ್ಟಳು. ಅವನ ಬನ್ನಿಯನ್ನು ನಾನು ಆಮೇಲೆ ಎಂದೂ ಮುಟ್ಟಲಿಲ್ಲ.

ಕಾಕಾ ಮತ್ತೆ ಕತ್ತರಿ ಹಿಡಿಯಲಿಲ್ಲ. ಬನ್ನಿ ತಗೊಂಡಾಗಿತ್ತು, ಮಾತು ಎತ್ತುವ ಹಾಗಿರಲಿಲ್ಲ, ಅವನು ಎತ್ತಲೂ ಇಲ್ಲ. ಪರವಾನಗಿ ಬಂದ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂತ. ಉಗುರಿನ ಬಣ್ಣದ ಸೀಸೆಗಳು ಗೂಡಿನಲ್ಲಿ ಒಣಗಿ ಗಟ್ಟಿಯಾದವು. ನಾನು ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಾಗ ಅವನಿಗೆ ಎದೆನೋವು ಬಂದು ಮಲಗಿದ. ಆ ದೊಡ್ಡ ಹೊಟ್ಟೆ ಕರಗಿ ಹೋಗಿತ್ತು. ನಾನು ಪಕ್ಕದಲ್ಲಿ ಕೂತಾಗ ನನ್ನ ಕೈ ಎಳೆದುಕೊಂಡು, ತನ್ನ ಕೈಯ ಪಕ್ಕ ಮೊಣಕೈಗೆ ಮೊಣಕೈ ಹಚ್ಚಿ, ಬೆರಳ ತುದಿಗೆ ತುದಿ ಸರಿಮಾಡಿ ನೋಡಿದ. ‘ಈಗ ನಿನ್ನ ಮೊಳ ನನ್ನಷ್ಟ ಆಗ್ಯಾದ ನೋಡ್ ಬೇ’ ಅಂದ. ಅವನು ಕಾರಿನ ಬಗ್ಗೆ ಆಡಿದ ಕೊನೆಯ ಮಾತು ಅದು. ಅವನ ಹೆಣ ಹೊರಡುವಾಗ ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ಅತ್ತ. ಆ ಅಳು ಕೇಳಿ ನನಗೆ ಬಂದ ಸಿಟ್ಟಿಗೆ ಹೋಲಿಸಿದರೆ ಹತ್ತು ವರ್ಷದವಳ ಸಿಟ್ಟು ಏನೂ ಅಲ್ಲ.

ದುಡಿಯಲು ಶುರುಮಾಡಿ ಅವ್ವನನ್ನು ಕಲಬುರಗಿಗೆ ಕರೆದುಕೊಂಡು ಬಂದ ಮೇಲೆ ನಾನು ಮೊದಲು ತರಿಸಿದ್ದು ಹೊರದೇಶದಿಂದ ಡಬ್ಬಿಯಲ್ಲಿ ಬರುವ ಹಳೆಯ ಅಮೆರಿಕದ ಕಾರಿನ ಮಾದರಿ, ಬಿಡಿ ಭಾಗಗಳನ್ನು ನಾವೇ ಅಂಟಿಸಿ ಕಟ್ಟುವಂಥದ್ದು. ಡಬ್ಬಿಯ ಮೇಲೆ ಅಳತೆ ಬರೆದಿತ್ತು, ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ಒಂದು ಮೊಳದಲ್ಲಿ ಎಷ್ಟು ಬೆರಳು ಹಿಡಿಯುತ್ತವೆ ಎಂದು ನನ್ನ ಕೈಯ ಮೇಲೆ ಅಳೆದು ನೋಡಿದೆ. ಇಪ್ಪತ್ನಾಲ್ಕೇ. ಕಾಕಾ ಶಹಾಬಾದಿ ಕಲ್ಲಿನ ಮೇಲೆ ಕೂತು ಮಾಡಿದ್ದೂ ಇದೇ ಅಳತೆಯದ್ದು. ಆ ದಿನ ನನ್ನ ಸೇಡಿನ ದಾರಿ ನನಗೆ ಕಂಡಿತು. ಹಲ್ಲಿಗೆ ಬಿಗಿಯುವ ತಂತಿ, ಹಲ್ಲು ಕೊರೆಯುವ ಸೂಜಿ, ಮೇಣ, ಪಡಿಯಚ್ಚಿನ ಪುಡಿ, ಎಲ್ಲ ನನ್ನ ಕೈಯಲ್ಲೇ ಇದ್ದವು. ಕಾಕಾ ಮಾಡಿದ್ದ ಪ್ರತಿ ಕಾರನ್ನೂ ಮತ್ತೆ ಮಾಡಿದೆ. ಡಬ್ಬಿಯಲ್ಲಿ ಸಿಗುವಂಥದ್ದನ್ನು ತರಿಸಿ ಕಟ್ಟಿದೆ, ಸಿಗದಿದ್ದುದನ್ನು ತಗಡಿನಲ್ಲಿ ಮಾಡಿದೆ, ಬಣ್ಣ ಮಾತ್ರ ಎಲ್ಲಕ್ಕೂ ಉಗುರಿನದೇ. ದವಾಖಾನೆಯಲ್ಲಿ ಜನ ಕೂತುಕೊಳ್ಳುವ ಕೋಣೆಗೆ ಗಾಜಿನ ಕಪಾಟು ಮಾಡಿಸಿ ಅವನ್ನಿಟ್ಟು, ಮೇಲೆ ‘ಶರಣಪ್ಪನವರ ಕಾರುಗಳು, ಅಫಜಲಪುರ’ ಎಂದು ಬರೆಸಿದೆ. ರೆಕ್ಕಿ ಗಾಡಿಯ ಜಾಗ ಮಾತ್ರ ಖಾಲಿ ಬಿಟ್ಟೆ. ಅದನ್ನು ಮಾಡಲು ಹತ್ತು ವರ್ಷದ ಹುಡುಗಿಯ ಮೊಳ ಬೇಕಾಗಿತ್ತು.

ಅಫಜಲಪುರ, ಜೇವರ್ಗಿ, ಆಳಂದ ಎಲ್ಲ ಕಡೆಯವರೂ ಹಲ್ಲು ತೋರಿಸಲು ಕಲಬುರಗಿಗೇ ಬರಬೇಕು. ಬಂದವರು ಆ ಖಾಲಿ ಜಾಗ ನೋಡಿ ಕೇಳುತ್ತಿದ್ದರು. ನಾನು ಅವರನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯಿ ದೊಡ್ಡದಾಗಿ ತೆರೆಸಿ, ಆಮೇಲೆ ನಿಧಾನವಾಗಿ ಪೂರ್ತಿ ಕತೆ ಹೇಳುತ್ತಿದ್ದೆ. ಬಾಯಲ್ಲಿ ಹತ್ತಿ ತುಂಬಿದವರು ‘ಹೋಗಲಿ ಬಿಡ್ರಿ, ದೊಡ್ಡವರು’ ಎಂದು ನಡುವೆ ಹೇಳಲಾರರು. ದೊಡ್ಡಪ್ಪನ ಹೆಸರನ್ನು ಒಮ್ಮೆಯೂ ಬಿಡಲಿಲ್ಲ. ಕತೆ ಊರು ಮುಟ್ಟಿತು. ಮದುವೆ ಮುಂಜಿಗಳಲ್ಲಿ ಜನ ಅವನನ್ನೇ ಕೇಳತೊಡಗಿದರಂತೆ, ‘ನಿಮ್ಮ ಡಾಕ್ಟರಮ್ಮ ನಿಮ್ಮ ಬನ್ನಿ ತಗೋಳಂಗಿಲ್ಲಂತಲ್ರಿ?’ ಅವನಿಗೆ ಹಲ್ಲು ಬಿದ್ದಾಗ ನನ್ನ ಹತ್ತಿರ ಬರದೆ ಸೊಲ್ಲಾಪುರಕ್ಕೆ ಹೋಗಿ ಸೆಟ್ಟು ಕಟ್ಟಿಸಿಕೊಂಡು ಬಂದ ಸುದ್ದಿ ಕೇಳಿ ನಾನು ಒಂದು ದಿನವೆಲ್ಲ ಖುಷಿಯಾಗಿದ್ದೆ. ಪ್ರತಿ ದಸರೆಗೂ ಅವನ ಮಗನ ಕೈಯಲ್ಲಿ ಬನ್ನಿ ಬರುತ್ತಿತ್ತು, ಪ್ರತಿ ಸಲವೂ ನಾನು ಒಂದೇ ಮಾತು ಹೇಳಿ ಕಳಿಸುತ್ತಿದ್ದೆ. ‘ಕಾರ್ ತಂದು ಕೊಟ್ರ ಬನ್ನಿ ತಗೋತೇನಿ ಅಂತ ಹೇಳಪ್ಪ.’ ವಯಸ್ಸಾದಂತೆ ಅವನಿಗೆ ಅದೇ ತಲೆಯೊಳಗಿನ ಒಂದು ಹುಳವಾಯಿತು. ಒಂದು ಬನ್ನಿ ಬಾಕಿ ಉಳಿಸಿಕೊಂಡು ಸತ್ತರೆ ಮುಕ್ತಿ ಸಿಗಲಾರದೆಂದು ಮನೆಯಲ್ಲಿ ಹಲುಬುತ್ತಿದ್ದನಂತೆ. ಒಂದು ವರ್ಷ ಅಂಗಡಿಯಲ್ಲಿ ಕೊಂಡ ಮಿರಮಿರ ಮಿಂಚುವ ಆಟಿಕೆ ಕಾರೊಂದನ್ನು ಬನ್ನಿಯ ಜೊತೆ ಕಳಿಸಿದ. ಅದನ್ನು ಎಲೆಯ ಸಮೇತ ವಾಪಸು ಕಳಿಸಿದೆ.

ಹೀಗಿರುವಾಗ ಗೊಬ್ಬೂರಿನಿಂದ ಒಬ್ಬ ಹೆಣ್ಣುಮಗಳು ದವಡೆ ಹಲ್ಲಿಗೆಂದು ಬಂದಳು, ಸಾಲೆಯ ಮಾಸ್ತರಿಕೆ ಮಾಡುವವಳು. ನಾನು ಕತೆ ಹೇಳುತ್ತಿದ್ದಂತೆ ಅವಳು ಕೈ ಎತ್ತಿ ನನ್ನನ್ನು ತಡೆದು, ಬಾಯಿಯ ಹತ್ತಿ ತಾನೇ ತೆಗೆದು ಎದ್ದು ಕೂತಳು. ‘ಆ ಜೀಪ್ ಡ್ರೈವರ್ ನಮ್ಮಪ್ಪನ್ರಿ’ ಅಂದಳು. ಸಾಹೇಬನ ಮಗ ಒಂದೊಂದೇ ಕಾರನ್ನು ಗೋಡೆಗೆ ಗುದ್ದಿ ಮುರಿದು ಹಾಕಿದ್ದನಂತೆ. ಬೇರೆ ಊರಿಗೆ ವರ್ಗವಾಗಿ ಹೊರಟಾಗ ಉಳಿದದ್ದೊಂದೇ, ಅದೂ ದೊಡ್ಡದಾಗಿದ್ದರಿಂದ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ, ಅದನ್ನು ಡ್ರೈವರನ ಕಡೆ ಎಸೆದು ಹೋದರು. ‘ನೀಲಿದು, ಹಿಂದ ಎರಡ್ ರೆಕ್ಕಿ ಅದಾವ. ನಮ್ಮನ್ಯಾಗ ಬುದ್ಧನ ಫೋಟೋದ ಬುಡಕ ಇಟ್ಟೇವಿ. ನಾಳೀನ ತಂದು ಕೊಡ್ತೇನಿ ಡಾಕ್ಟರಮ್ಮ.’ ನನ್ನ ಮೊಳದ ತಪ್ಪೇ ಅದನ್ನು ಉಳಿಸಿತ್ತು. ಹೂಂ ಎಂದಿದ್ದರೆ ಮರುದಿನವೇ ಅದು ನನ್ನ ಮಡಿಲಲ್ಲಿರುತ್ತಿತ್ತು. ಆದರೆ ನಾನು, ‘ಬ್ಯಾಡ್ರಿ ಟೀಚರ್, ಈಗ ಬ್ಯಾಡ. ನಮ್ಮ ದೊಡ್ಡಪ್ಪ ನಿಮ್ಮನಿಗಿ ಬಂದು ಕೇಳಬೇಕು. ಯಾರ್ ಮಾಡಿದ್ದು ಅಂತ ಬಾಯಿಬಿಟ್ಟು ಹೇಳೋತನಕ ಕೊಡಬ್ಯಾಡ್ರಿ’ ಅಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ‘ಆಯ್ತ್ರಿ’ ಎಂದು ಮತ್ತೆ ಬಾಯಿ ತೆರೆದು ಮಲಗಿದಳು. ಅಂದೇ ದೊಡ್ಡಪ್ಪನಿಗೆ ಗೊಬ್ಬೂರಿನ ಮನೆಯ ಗುರುತು ಹೇಳಿ ಕಳಿಸಿದೆ.

ಅವನು ವರ್ಷದವರೆಗೆ ಹೋಗಲಿಲ್ಲ. ನಾನೂ ತರಿಸಿಕೊಳ್ಳಲಿಲ್ಲ. ಕೊನೆಗೆ ಮುಂದಿನ ದಸರೆಯ ಮುಂಚೆ, ಮಗ ಮೋಟಾರಿನಲ್ಲಿ ಕರೆದೊಯ್ಯುತ್ತೇನೆಂದರೂ ಕೇಳದೆ, ಕೋಲು ಊರಿಕೊಂಡು ಬಸ್ಸು ಹತ್ತಿ ಒಬ್ಬನೇ ಗೊಬ್ಬೂರಿಗೆ ಹೋದ. ಮುಂದಿನದನ್ನು ಟೀಚರ್ ನನಗೆ ಹೇಳಿದಳು. ಅಂಗಳದಲ್ಲೇ ನಿಂತಿದ್ದನಂತೆ. ಒಳಗೆ ಬರ್ರಿ ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಕುರ್ಚಿ ಹಾಕಿ, ತಮ್ಮ ಕಪ್ಪಿನಲ್ಲಿ ಚಹಾ ಕೊಟ್ಟರು. ಅವನು ಅದನ್ನು ನೋಡುತ್ತ ಕೂತ, ಆಮೇಲೆ ಕುಡಿದ. ಡ್ರೈವರ್ ತೀರಿಹೋಗಿದ್ದ, ಅವನ ಹೆಂಡತಿ ಎದುರಿಗೆ ಕೂತು ಕೇಳಿದಳು, ‘ಯಾರ್ ಮಾಡ್ಯಾರ್ರಿ ಇದನ್ನ?’ ನಮ್ಮ ಮನೆಯದು ಎಂದ. ಅದಲ್ಲ, ಯಾರು ಮಾಡಿದ್ದು ಎಂದು ಆಕೆ ಮತ್ತೆ ಕೇಳಿದಳು. ‘ನನ್ನ ತಮ್ಮ’ ಎಂದ. ಆಕೆ ಹೆಸರು ಕೇಳಿದಳು. ‘ಶರಣಪ್ಪ’ ಎಂದ. ಆಕೆ ಎದ್ದು ಕಾರನ್ನು ಎರಡೂ ಕೈಯಲ್ಲಿ ತಂದು ಅವನ ತೊಡೆಯ ಮೇಲಿಟ್ಟಳು. ಟೀಚರ್ ಇದನ್ನು ಹೇಳಿ ಮುಗಿಸಿದಾಗ ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿರಿ ಎಂದೆ.

ದಸರೆಯ ಸಂಜೆ ಅವನು ನನ್ನ ಮನೆಗೆ ಬಂದ. ಮಗನನ್ನು ಕೆಳಗೇ ನಿಲ್ಲಿಸಿ, ಟವೆಲಿನಲ್ಲಿ ಸುತ್ತಿದ ಗಂಟು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿ ಬಂದ. ಅವ್ವ ಆ ಹೊತ್ತಿಗೆ ತೀರಿಕೊಂಡಿದ್ದಳು, ಮನೆಯಲ್ಲಿ ನಾನೊಬ್ಬಳೇ. ಟವೆಲು ಬಿಚ್ಚಿ ಕಾರನ್ನು ಮೇಜಿನ ಮೇಲಿಟ್ಟ. ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು, ಒಂದು ಗಾಲಿ ಇರಲಿಲ್ಲ, ಎಕ್ಸ್‌ರೇ ಗಾಜಿನಲ್ಲಿ ಸರಿಯಾಗಿ ತೊಳೆಯದೆ ಉಳಿದ ಎಲುಬಿನ ನೆರಳು ಹಾಗೆಯೇ ಇತ್ತು. ನಾನು ಅದನ್ನು ಮುಟ್ಟಿದೆ.

‘ಇದು ನಿಂದ ಅದ ಬೇ’ ಅಂದ ಅವನು. ‘ಉಳದವಕ್ಕಿಂತ ದೊಡ್ಡದಿತ್ತು. ಆಳಂದದಾಗ ನೀ ಅಳದಿದ್ದಿ. ನಿನ್ನ ಮೊಳ, ಶರಣ್ಯಾನ ಬೆರಳು.’

‘ನಿಮಗ ಗೊತ್ತಿತ್ತಲ್ರಿ ದೊಡ್ಡಪ್ಪ. ನಂದು ಅಂತ ಗೊತ್ತಿದ್ದೂ ಕೊಟ್ರಿ.’

‘ಗೊತ್ತಿತ್ತು’ ಅಂದ. ‘ನೀ ಒದರಿದ್ದೂ ಕೇಳಸಿತ್ತು.’ ಅಂಗಿಯ ಜೇಬಿನಿಂದ ಬನ್ನಿ ಎಲೆ ತೆಗೆದ. ‘ನೀ ಹೇಳದಂಗ ಮಾಡೀನಿ. ಈಗರೆ ತಗೋ ತಂಗಿ. ಬಂಗಾರದಂಗ ಇರೋಣು.’

ನಾನು ಮಾತು ಕೊಟ್ಟಿದ್ದು ನಿಜ. ಕಾರು ಬಂದರೆ ಬನ್ನಿ ತಗೊಳ್ಳುತ್ತೇನೆ ಎಂದು ಅಷ್ಟು ವರ್ಷ ಹೇಳಿ ಕಳಿಸಿದವಳು ನಾನೇ. ಆದರೆ ಅವನ ಆ ‘ಗೊತ್ತಿತ್ತು’ ಕೇಳಿದ ಮೇಲೆ ಕೈ ಮುಂದೆ ಬರಲಿಲ್ಲ. ‘ಕಾಕಾಗ ಕೊಡ್ರಿ’ ಅಂದೆ. ಅವನು ಸುತ್ತ ನೋಡಿದ, ಗೋಡೆಯಲ್ಲಿ ಕಾಕಾನ ಫೋಟೋ ಕೂಡ ಇಲ್ಲ, ಅವನದೊಂದು ಫೋಟೋ ತೆಗೆಸಿದವರೇ ಇಲ್ಲ. ಎಲೆಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಬಗ್ಗಿ ಅದರ ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಂಡ. ತಮ್ಮನ ಕಾಲು ಅಣ್ಣ ಮುಟ್ಟುವುದು ನಮ್ಮಲ್ಲಿ ಇಲ್ಲ. ‘ಬಂಗಾರದಂಗ ಇರೋಣು ಶರಣ್ಯಾ’ ಎಂದ. ಉತ್ತರಕ್ಕೆಂದು ನನ್ನ ಮುಖ ನೋಡಿದ. ನಾನು ಕೊಡಲಿಲ್ಲ. ಕೋಲು ಊರಿಕೊಂಡು ಮೆಟ್ಟಿಲಿಳಿದು ಹೋದ. ಮುಂಗಾರಿನ ಕಾರ ಹುಣ್ಣಿಮೆಯ ಹೊತ್ತಿಗೆ ಅವನು ಸತ್ತ ಸುದ್ದಿ ಬಂತು. ಮುಕ್ತಿ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಸಿಗದಿದ್ದರೆ ನನಗೆ ಬೇಸರವೂ ಇಲ್ಲ.

ಅಫಜಲಪುರದ ಆ ಮನೆ ಈಗಿಲ್ಲ. ಬೇವಿನ ಗಿಡವಿದ್ದ ಕಡೆ ಮೊಬೈಲು ಅಂಗಡಿಗಳ ಸಾಲು ನಿಂತಿದೆ, ಶಹಾಬಾದಿ ಕಲ್ಲುಗಳನ್ನು ಯಾರೋ ಕಿತ್ತು ಒಯ್ದರು. ಆಳಂದದ ಗೋದಾಮೂ ಇಲ್ಲ, ಜೇವರ್ಗಿಯ ಗಲ್ಲದ ಗಾಡಿ ಯಾವ ಗುಜರಿಗೆ ಹೋಯಿತೋ. ಪ್ರತಿ ಖಂಡೆ ಪೂಜೆಗೆ ನಾನು ಕಪಾಟಿನ ಕಾರುಗಳನ್ನು ಹೊರಗೆ ತೆಗೆದು ಕುಂಕುಮ ಹಚ್ಚಿ ಚೆಂಡುಹೂವಿನ ಎಸಳು ಇಡುತ್ತೇನೆ. ರೆಕ್ಕಿ ಗಾಡಿ ತನ್ನ ಜಾಗದಲ್ಲಿ ಮೂರು ಗಾಲಿಯ ಮೇಲೆ ವಾಲಿಕೊಂಡು ನಿಂತಿದೆ, ನಾಲ್ಕನೆಯದನ್ನು ನಾನು ಮಾಡಿಲ್ಲ. ನೋಡಿದವರು ‘ಇದೊಂದು ಜರಾ ದೊಡ್ಡದಾಗ್ಯಾದಲ್ರಿ ಡಾಕ್ಟರಮ್ಮ, ಅಳತಿ ತಪ್ಪೇದ’ ಎನ್ನುತ್ತಾರೆ. ಅಂದು ಕಣ್ಣಾರೆ ಕಂಡು, ತಪ್ಪಿಲ್ಲವೆಂದು ತಿಳಿದಿದ್ದವರು ನನ್ನನ್ನೂ ಸೇರಿಸಿ ನಾಲ್ಕೇ ಜನ. ಕಾಕಾ ಹೋದ, ಅವ್ವ ಹೋದಳು, ಕೊನೆಗೆ ಉಳಿದಿದ್ದ ಒಬ್ಬನನ್ನು ನಾನೇ ಉತ್ತರ ಕೊಡದೆ ಮನೆಯಿಂದ ಕಳಿಸಿದೆ. ಮತ್ತೆ ಬಂದರೂ ಹಾಗೆಯೇ ಕಳಿಸುತ್ತೇನೆ. ಖಂಡೆ ಪೂಜೆಯ ಮರುದಿನ ಸಂಜೆ ಬನ್ನಿ ಕೊಡಲು ಅಕ್ಕಪಕ್ಕದವರು ಬರುತ್ತಾರೆ, ನಗುತ್ತ ಕೊಡುತ್ತೇನೆ, ತಗೊಳ್ಳುತ್ತೇನೆ. ಎಲ್ಲರೂ ಬಂದು ಹೋದ ಮೇಲೂ ಬಾಗಿಲು ಹಾಕದೆ ಸ್ವಲ್ಪ ಹೊತ್ತು ಕೂತಿರುತ್ತೇನೆ. ಮೆಟ್ಟಿಲ ಮೇಲೆ ಯಾರದಾದರೂ ಕೋಲಿನ ಸದ್ದು ಕೇಳಿದರೆ ನನ್ನ ಎರಡೂ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ.